ಕ್ಯಾಂಪಿನ ನೀರು ನಿಲ್ಲಿಸಿದ ಮಂಗಳವಾರ

ಕೊರೊನಾ ಮುಗಿದ ಮರುವರ್ಷದ ಮಾತು ಇದು. ಆಗ ನಾನು ಶಿಗ್ಗಾಂವಿ ತಾಲೂಕಿನ ನಮ್ಮೂರ ಪಂಚಾಯತಿಯಲ್ಲಿ ನೀರಗಂಟಿಯಾಗಿದ್ದೆ. ಈಗಲೂ ಅದೇ ಕೆಲಸದಲ್ಲಿದ್ದೇನೆ. ಊರು ದುಂಡಸಿಯ ಆಚೆಗಿದೆ, ಹೆಸರು ಬೇಡ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ನಡೆದದ್ದನ್ನು ನಡೆದ ಹಾಗೆ ಹೇಳಲು ಮಾತ್ರ ಬರುತ್ತದೆ.

ನೀರಗಂಟಿ ಎಂದರೆ ಬೋರಿನ ಮೋಟಾರು ಚಾಲೂ ಮಾಡಿ, ಮೇಲಿನ ಟ್ಯಾಂಕಿ ತುಂಬಿಸಿ, ಓಣಿ ಓಣಿಗೆ ನೀರು ಬಿಡುವವನು. ಪೈಪು ಕವಲೊಡೆಯುವ ಕಡೆಯಲ್ಲೆಲ್ಲ ಕಲ್ಲು ಮುಚ್ಚಿದ ಗುಂಡಿ, ಅದರೊಳಗೆ ವಾಲ್ವು. ಉದ್ದನೆಯ ಕಬ್ಬಿಣದ ಚಾವಿ ಇಳಿಸಿ ತಿರುವಿದರೆ ನೀರು ಹರಿಯುತ್ತದೆ ಅಥವಾ ನಿಲ್ಲುತ್ತದೆ. ಕೆಲಸ ಇಷ್ಟೇ, ಆದರೆ ಬೈಗುಳಕ್ಕೆ ಮಿತಿಯಿಲ್ಲ. ನೀರು ಬಂದರೆ ದೇವರ ದಯೆ, ಬರದಿದ್ದರೆ ನೀರಗಂಟಿಯ ತಪ್ಪು. ಇಷ್ಟು ವರ್ಷದಲ್ಲಿ 'ಇವತ್ತು ನೀರು ಚಲೋ ಬಂತಪ್ಪಾ' ಎಂದು ಯಾರಾದರೂ ಹೇಳಿದ್ದರೆ ನನಗೆ ನೆನಪಿಲ್ಲ.

ಊರ ಕೆಳಗಿನ ಗೋಮಾಳದಲ್ಲಿ ಅದರ ಹಿಂದಿನ ವರ್ಷ ಬಂದೂಕು ಹಿಡಿದ ಪಡೆಯೊಂದರ ತರಬೇತಿ ಕ್ಯಾಂಪು ಬಂದಿತ್ತು. ಜವಾನರೆಲ್ಲ ಪರರಾಜ್ಯದವರು. ಊರಿನವರ ಸಿಟ್ಟು ಸುಳ್ಳಲ್ಲ. ದನ ಮೇಯುವ ನೆಲಕ್ಕೆ ಒಂದು ಮಾತೂ ಕೇಳದೆ ತಂತಿ ಬೇಲಿ ಹಾಕಿದ್ದರು. ಕೆರೆಗೆ ಹೋಗುವ ದನದ ದಾರಿ ಬಂದಾಗಿತ್ತು. ಬೋರ್ಡನ್ನು ಹಿಂದಿಯಲ್ಲಿ ಬರೆಸಿದ್ದರು, ನಮ್ಮಲ್ಲಿ ಅದನ್ನು ಓದುವವರೇ ಇಲ್ಲ. ಗುಂಡಿನ ಸಪ್ಪಳಕ್ಕೆ ಎಮ್ಮೆಗಳು ಬೆದರಿ ಹಾಲು ಏರಿಸಿಕೊಳ್ಳುತ್ತಿದ್ದವು. ಇದನ್ನೆಲ್ಲ ಹೇಳಲು ತಹಸೀಲ್ದಾರರ ಕಚೇರಿಗೆ ಹೋಗಬೇಕಿತ್ತು. ಅಲ್ಲಿಗೆ ಯಾರೂ ಹೋಗಲಿಲ್ಲ. ಚಹಾದಂಗಡಿಯಲ್ಲಿ ಕೂತು 'ಹಿಂದ್ಯಾರು' ಎಂದು ಬೈದರು. ತಮಿಳಿನವನೂ ಹಿಂದ್ಯಾಂವ, ಅಸ್ಸಾಮಿನವನೂ ಹಿಂದ್ಯಾಂವ.

ನನ್ನ ತಂಗಿ ನೀಲವ್ವ ಆ ಕ್ಯಾಂಪಿನ ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗೋವೆಯಲ್ಲಿ ಗಂಡನ ಜೊತೆ ಗಾರೆ ಕೆಲಸ ಮಾಡಿ, ಅವನು ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದವಳು. ಅಲ್ಲಿ ಕಲಿತ ಹಿಂದಿ ಇಲ್ಲಿ ಅನ್ನ ಕೊಟ್ಟಿತು. ಊರವರು ಅವಳಿಗೆ 'ಕ್ಯಾಂಪಿನ ನೀಲವ್ವ' ಎಂದು ಹೆಸರಿಟ್ಟರು. ಆ ಹೆಸರಿನ ಒಳಗೆ ಏನಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಅವಳು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ.

"ಗೋವಾದಾಗ ಘಟ್ಟದ ಮ್ಯಾಲಿಂದ ಬಂದವರಂತ ನಮಗ ಘಾಟಿ ಅಂತಿದ್ರು. ಇಲ್ಲಿ ನೀವು ಅವರಿಗೆ ಹಿಂದ್ಯಾರು ಅಂತೀರಿ. ಒಟ್ಟ ಬೈಯಾಕ ಒಬ್ರು ಬೇಕ ನೋಡ್ರಿ" ಎಂದು ಓಣಿಯ ಮಧ್ಯೆ ನಿಂತು ಹೇಳುತ್ತಿದ್ದಳು. ನಾನು ತಲೆ ತಗ್ಗಿಸುತ್ತಿದ್ದೆ. ಅವಳ ದುಡಿಮೆಯ ಕಾಳು ತಿಂದು ಅವಳಿಗಾಗಿ ನಾಚುತ್ತಿದ್ದೆ.

ನಮ್ಮಲ್ಲಿ ಮಳೆಗಾಲದ ಮೊದಲಿಗೆ 'ವಾರ ಹಿಡಿಯುವುದು' ಎಂಬ ಪದ್ಧತಿಯಿದೆ. ದ್ಯಾಮವ್ವನ ಹೆಸರಿನಲ್ಲಿ ಐದು ಮಂಗಳವಾರ ಎತ್ತು ಹೂಡುವುದಿಲ್ಲ, ಬೀಸುವುದಿಲ್ಲ, ರೊಟ್ಟಿ ಬಡಿಯುವುದಿಲ್ಲ. ಕಡೆಯ ಮಂಗಳವಾರ ಯಾರೂ ಊರಿನ ಸೀಮೆ ದಾಟುವಂತಿಲ್ಲ. ಊರೊಳಗಿನ ಹಾಲು, ಬೆಂಕಿ, ಕಾಳು ಯಾವುದೂ ಸೀಮೆಯಾಚೆ ಹೋಗುವಂತಿಲ್ಲ. ನೀಲವ್ವ ಕ್ಯಾಂಪಿನಲ್ಲಿ ಈ ವಿಷಯ ಹೇಳಿ ಆ ವಾರಗಳಂದು ರಜೆ ಪಡೆದಿದ್ದಳು. ಅವರು ಒಪ್ಪಿ, ಆ ದಿನಗಳಲ್ಲಿ ತಮ್ಮ ಗಾಡಿಗಳನ್ನೂ ಊರೊಳಗೆ ತರದೆ ಬಳಸಿ ಒಯ್ಯುತ್ತಿದ್ದರು.

ಕಡೆಯ ವಾರದ ಹಿಂದಿನ ದಿನ ಗುಡಿಯ ಕಟ್ಟೆಗೆ ಗೌಡರು ನನ್ನನ್ನು ಕರೆಸಿದರು. ಊರಿಗೆ ಹಿರಿಯರು, ಪಂಚಾಯತಿಯಲ್ಲಿ ಅವರದೇ ಮಾತು.

"ಫಕ್ಕೀರಾ, ನಾಳೆ ಸೀಮಿ ದಾಟಿ ಏನೂ ಹೋಗೂ ಹಂಗಿಲ್ಲ, ಗೊತ್ತೈತಿಲ್ಲ?"

"ಗೊತ್ತೈತ್ರೀ ಗೌಡ್ರ."

"ಮತ್ತ ಕ್ಯಾಂಪಿಗೆ ಹೋಗೂ ನೀರು?"

ಕ್ಯಾಂಪು ಸೀಮೆಗಲ್ಲಿನ ಆಚೆಗಿತ್ತು. ಅದರ ಬೋರಿಗೆ ಉಪ್ಪುನೀರು ಬಿದ್ದಿದ್ದರಿಂದ ನಮ್ಮ ಟ್ಯಾಂಕಿಯಿಂದಲೇ ಅವರಿಗೆ ಪೈಪು ಹೋಗಿತ್ತು. ಪೈಪಿನ ನೀರಿಗೂ ವಾರ ಉಂಟೆಂದು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಿಂದಿನ ವರ್ಷ ಇದೇ ಪೈಪು, ಇದೇ ದ್ಯಾಮವ್ವ. ಆಗ ಯಾರೂ ಬಾಯಿ ಬಿಟ್ಟಿರಲಿಲ್ಲ.

"ಅವರಿಗೊಂದ್ ಮಾತು ಹೇಳೂಣೇನ್ರಿ?" ಎಂದೆ.

"ನಮ್ಮ ದೇವರ ವಾರಕ್ಕ ಅವರ ಪರವಾನಗಿ ಕೇಳಬೇಕನು? ನಿನ್ನ ತಂಗೀ ಸಲುವಾಗಿ ಹೆದರತಿ ಏನಲೇ?" ಎಂದರು. ಕಟ್ಟೆ ಮೇಲಿದ್ದವರು ನಕ್ಕರು.

ಆ ನಗು ನನ್ನನ್ನು ಚುಚ್ಚಿತು. ಮಂಗಳವಾರ ಬೆಳಿಗ್ಗೆ ಹೋಗಿ ಕ್ಯಾಂಪಿನ ವಾಲ್ವನ್ನು ಬಿಗಿಯಾಗಿ ತಿರುವಿದೆ. ದೇವರಿಗಾಗಿ ತಿರುವಿದೆನೆಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಬುಧವಾರ ತೆರೆಯಬಹುದೆಂದುಕೊಂಡಿದ್ದೆ. ಗೌಡರು, "ಇರ್ಲಿ, ಇನ್ನೆರಡು ದಿನ ಒಣಗ್ಲಿ. ಬೇಲಿ ಹಾಕಿದಾಗ ನಮಗೂ ಹಿಂಗ ಆಗಿತ್ತಲ್ಲ" ಎಂದರು. ಮಂಗಳವಾರ ದ್ಯಾಮವ್ವನದು, ಬುಧವಾರ ಇವರ ಸೇಡಿನದು. ಅಷ್ಟರಲ್ಲಿ ಕ್ಯಾಂಪಿನಿಂದ ನೀಲವ್ವ ಓಡಿ ಬಂದಳು. "ಅಣ್ಣಾ, ಅಲ್ಲಿ ಟ್ಯಾಂಕಿ ಖಾಲಿ ಆಗೇತಿ. ಏನಾಗೇತಿ?"

"ಮೋಟಾರ್ ಸುಟ್ಟೈತಿ" ಎಂದೆ.

ಯಾಕೆ ಹಾಗೆಂದೆನೋ. ಬಾಯಿಗೆ ಬಂದದ್ದು ಅದು. ಅವಳು ಒಂದೂ ಮರುಪ್ರಶ್ನೆ ಕೇಳದೆ ಹಿಂದಿರುಗಿ ಹೋಗಿ ಕ್ಯಾಂಪಿನವರಿಗೆ ಹಿಂದಿಯಲ್ಲಿ ಅದನ್ನೇ ಹೇಳಿದಳು.

ಒಂದು ಸುಳ್ಳು ಹೇಳಿದವನಿಗೆ ಅದನ್ನು ಸಾಕುವ ಖರ್ಚೂ ಬೀಳುತ್ತದೆ. ಸುಟ್ಟ ಮೋಟಾರಿನಿಂದ ಊರಿಗೆ ಮಾತ್ರ ನೀರು ಬರುವುದು ಹೇಗೆ? ಗುರುವಾರ ಊರಿನ ನಲ್ಲಿಗಳನ್ನೂ ಬಂದ್ ಮಾಡಿದೆ. ಗೌಡರಿಗೆ ಸ್ವಂತ ಬಾವಿ, ಅವರಿಗೇನು? ಉಳಿದವರೆಲ್ಲ ಹ್ಯಾಂಡ್‌ಪಂಪಿನ ಮುಂದೆ ಸಾಲು ನಿಂತು ನನ್ನ ಮೂರು ತಲೆಮಾರನ್ನು ಜಾಲಾಡಿದರು.

"ಮೋಟಾರ್ ಸುಟ್ಟರ ಬಿಚ್ಚಿ ಒಯ್ಯಾಕ ಏನ್ ಧಾಡಿ ಇವಂಗ? ಹಗಲೆಲ್ಲ ಬೀಡಿ ಸೇದ್ತಾನ" ಎಂದಳು ಒಬ್ಬ ಮುದುಕಿ.

ಅದನ್ನು ನೀಲವ್ವ ಕೇಳಿಸಿಕೊಂಡಳು. ಊರೆಲ್ಲ ಅಣ್ಣನಿಗೆ ಬೈಯುತ್ತಿದೆಯಲ್ಲ ಎಂದು ಅವಳಿಗೆ ಸಂಕಟ. ಕ್ಯಾಂಪಿನಲ್ಲಿ ಜನರೇಟರು ರಿಪೇರಿ ಮಾಡುವ ಅಸ್ಸಾಮಿನ ಹವಾಲ್ದಾರನೊಬ್ಬನಿದ್ದ. ಶುಕ್ರವಾರ ಅವನನ್ನು ಕರೆದುಕೊಂಡೇ ಬಂದಳು. ಅವನು ಚೈನು, ಹಗ್ಗ, ಮೀಟರು ಎಲ್ಲ ಹೊತ್ತು ತಂದಿದ್ದ. ಬೋರಿನಿಂದ ಮೋಟಾರನ್ನು ಎತ್ತಿ ತಾನೇ ತಂತಿ ಸುತ್ತಿ ಕೊಡುತ್ತೇನೆ ಎಂದ. ನಾನು ಬೇಡವೆಂದಷ್ಟೂ ಅವನ ಒತ್ತಾಯ ಹೆಚ್ಚಾಯಿತು. ಗೌಡರೂ ಬಂದರು, ಜನವೂ ಸೇರಿತು.

ಅವನು ಮೊದಲು ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ತೆರೆದು ಮೂರೂ ತಂತಿಗಳಿಗೆ ಮೀಟರು ಹಿಡಿದ. ಹುಬ್ಬು ಗಂಟಿಕ್ಕಿದ. ಮತ್ತೆ ಹಿಡಿದ. ಆಮೇಲೆ ಹಸಿರು ಗುಂಡಿಯನ್ನು ಒತ್ತಿದ.

ಮೋಟಾರು ಹೊಚ್ಚ ಹೊಸದರಂತೆ ಗುಂಯ್ ಎಂದಿತು. ಮೇಲೆ ಟ್ಯಾಂಕಿಯಲ್ಲಿ ನೀರು ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು.

"ನೀರು ಬಂತ್ರೆ! ಕೊಡಾ ತರ್ರೆ!" ಎಂದು ಮುದುಕಿ ಕೂಗಿದಳು. ಅರ್ಧ ಜನ ಕೊಡ ತರಲು ಓಡಿದರು.

ಹವಾಲ್ದಾರ ನನ್ನನ್ನು ನೋಡಲಿಲ್ಲ. ಗೌಡರನ್ನೂ ನೋಡಲಿಲ್ಲ. ನೀಲವ್ವನ ಕಡೆ ತಿರುಗಿ, "ದೀದಿ, ಆಪ್ ಭೀ?" ಎಂದ. ಅಕ್ಕಾ, ನೀವೂನಾ ಎಂದು. ಸುಳ್ಳು ಅವರಿಗೆ ಮುಟ್ಟಿದ್ದು ಅವಳ ಬಾಯಿಂದಲ್ಲವೇ?

ಅವಳು ನನ್ನನ್ನು ನೋಡಿದಳು. ನನಗೂ ಅಷ್ಟಿಷ್ಟು ಹಿಂದಿ ಬರುತ್ತದೆ. 'ಉಸ್ಕೋ ಮಾಲೂಮ್ ನಹೀ' ಎಂದರೆ ಸಾಕಿತ್ತು. ಆದರೆ ಅವಳಿಗೆ ಗೊತ್ತಿರಲಿಲ್ಲ ಎಂದರೆ ಯಾರಿಗೆ ಗೊತ್ತಿತ್ತು ಎಂಬ ಪ್ರಶ್ನೆ ಬರುತ್ತಿತ್ತು. ಗೌಡರು ಪಕ್ಕದಲ್ಲೇ ನಿಂತಿದ್ದರು, ನನ್ನ ಕೆಲಸ ಅವರ ಕೈಯಲ್ಲಿತ್ತು. ನಾನು ಪೆಟ್ಟಿಗೆಯ ಕಡೆ ತಿರುಗಿ, ತಂತಿಯನ್ನು ಸುಮ್ಮನೆ ಮುಟ್ಟಿ ನೋಡುತ್ತ ನಿಂತೆ. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಹವಾಲ್ದಾರ ಹಗ್ಗ ಸುತ್ತಿಕೊಳ್ಳುತ್ತ ಹಿಂದಿಯಲ್ಲಿ ಇನ್ನೂ ಒಂದು ಮಾತು ಹೇಳಿದ. ನೀರು ನಿಂತದ್ದು ವಾರದ ದಿನವೇ ಎಂದು ಅವನಿಗೆ ಹೊಳೆದಿರಬೇಕು. ದೇವಿಯ ದಿನ ನೀರು ಕೊಡಬಾರದೆಂದು ಹೇಳಿದ್ದರೆ ನಾವು ಸೋಮವಾರವೇ ತುಂಬಿಸಿಕೊಳ್ಳುತ್ತಿದ್ದೆವು, ನಮ್ಮೂರಲ್ಲೂ ಇಂಥ ದಿನಗಳಿವೆ ಎಂದ. ಅದನ್ನು ಊರವರಿಗೆ ಕನ್ನಡದಲ್ಲಿ ಹೇಳಬೇಕಾದವಳು ನೀಲವ್ವ. ಅವಳು ಹೇಳಲಿಲ್ಲ. ಆ ಮಾತು ನಮ್ಮಿಬ್ಬರಲ್ಲೇ ಉಳಿಯಿತು.

ಮರುದಿನ ಕ್ಯಾಂಪಿನವರು ಅವಳ ಗೇಟ್ ಪಾಸು ವಾಪಸು ಪಡೆದು ಕೆಲಸದಿಂದ ಬಿಡಿಸಿದರು. ಜಗಳ ಮಾಡಲಿಲ್ಲ, ದೂರು ಕೊಡಲಿಲ್ಲ. ಶಿಗ್ಗಾಂವಿಯಿಂದ ಟ್ಯಾಂಕರು ತರಿಸಿಕೊಂಡರು, ಊರವರಿಂದ ಕೊಳ್ಳುತ್ತಿದ್ದ ಹಾಲು ತರಕಾರಿಯನ್ನೂ ಅಲ್ಲಿಂದಲೇ ತಂದರು. ತಿಂಗಳಾಗುವಷ್ಟರಲ್ಲಿ, ಒಣಗಲಿ ಎಂದವರೇ ನನ್ನ ಬಳಿ ಬಂದು, "ಹಾಲಿನ ಗಿರಾಕಿ ಹೋದ್ವು, ನೀ ಒಂದೀಟು ಹೋಗಿ ಮಾತಾಡಿ ಬಾರಲ್ಲ" ಎಂದರು. ಇವರಿಗೆ ಏನು ಹೇಳುವುದು! ಕ್ಯಾಂಪು ತನ್ನ ಅವಧಿ ಮುಗಿಸಿ ಹೋಯಿತು. ಬೇಲಿ ಹಾಗೇ ಇದೆ. ದನದ ದಾರಿ ಇಂದಿಗೂ ತೆರೆದಿಲ್ಲ. ತಹಸೀಲ್ದಾರರ ಕಚೇರಿಗೆ ಇಂದಿಗೂ ಯಾರೂ ಹೋಗಿಲ್ಲ.

ಪಾಸು ಕಳೆದುಕೊಂಡ ದಿನ ನೀಲವ್ವ ಅಳಲಿಲ್ಲ. ಬಟ್ಟೆ ಗಂಟು ಕಟ್ಟುತ್ತ ಹೇಳಿದಳು: "ನಿನ್ನ ಮಾತು ನಂಬಿ ನಾ ಅವರ ಮುಂದ ಆಡಿದೆ. ನನ್ನ ಸಲುವಾಗಿ ಒಂದ್ ಮಾತು ನಿನಗ ಆಡಾಕ ಆಗಲಿಲ್ಲ. ನೀ ಮೋಟಾರ್ ಚಿಂತಿ ಮಾಡಪಾ." ಮಗಳನ್ನು ಕರೆದುಕೊಂಡು ಸವಣೂರಿಗೆ ಹೋದಳು. ಅಲ್ಲಿ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ.

ಇಷ್ಟು ವರ್ಷದ ಕೆಲಸ ನನಗೆ ಒಂದನ್ನು ಕಲಿಸಿದೆ. ನೀರು ಬಂದ್ ಮಾಡು ಎನ್ನುವವರು ತಾವು ಎಂದೂ ಗುಂಡಿಯ ಹತ್ತಿರ ಬರುವುದಿಲ್ಲ. ಸಿಟ್ಟು ಅವರದು, ತಿರುವುವ ಕೈ ಇನ್ನೊಬ್ಬರದು, ಏಟು ಮೂರನೆಯವರಿಗೆ. ಈ ವರ್ಷ ರಸ್ತೆ ಕೆಲಸಕ್ಕೆ ಒಡಿಶಾದ ಕೂಲಿಯವರು ಬಂದು ಊರ ಹೊರಗೆ ಶೆಡ್ಡು ಹಾಕಿದ್ದಾರೆ. ಅವರಿಗೆ ನೀರು ಬಿಡಬೇಡ ಎಂದು ಗೌಡರು ಹೇಳಿ ಕಳಿಸಿದರು. ನಾನು ಕಟ್ಟೆಗೆ ಹೋಗಿ ಚಾವಿಯನ್ನು ಅವರ ಮುಂದಿಟ್ಟು, "ನೀವ ತಿರುವಿ ಬರ್ರಿ" ಎಂದೆ.

"ಸೊಕ್ಕ ಬಂದೈತಿ ನಿನಗ" ಎಂದರು. ಆದರೆ ಚಾವಿ ಮುಟ್ಟಲಿಲ್ಲ. ಶೆಡ್ಡಿಗೆ ನೀರು ಹೋಗುತ್ತಿದೆ.

ಅಂದೇ ನೀಲವ್ವನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಒಂದು ಒಳ್ಳೆಯ ಮಾತು ಸಿಗುತ್ತದೇನೋ ಎಂಬ ಆಸೆಯಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು.

"ಈಗ ಬಂತೇನ ಬಾಯಿ?" ಎಂದಳು. ಆಮೇಲೆ, "ಇಡತೇನಿ ಅಣ್ಣಾ, ಹಂಚು ಕಾದೈತಿ" ಎಂದು ಫೋನಿಟ್ಟಳು.