ಜಾ ಅಂದರೆ ಮನೆಗೆ ಹೋಗು

ಬಾರಿನ ಮಾಲಕರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಇಳಕಲ್ಲಿನ ಗ್ರಾನೈಟ್ ಹಲಗೆಯೊಂದು ಮೇಲೆ ಬಿದ್ದು ಹೋದದ್ದಂತೆ. ಬಾರಿನಲ್ಲಿ ಹಾಡು ಹಚ್ಚಿದರೆ ಆ ಬೋಳು ಬೆರಳು ಮೇಜಿನ ಕೆಳಗೆ ಸದಾ ಕುಣಿಯುತ್ತಿತ್ತು. ಅದೂ ತಾಳ ಬಿದ್ದಾಗಲ್ಲ, ಎರಡು ತಾಳಗಳ ನಡುವೆ. ಭಜನೆ ಕೇಳಿ ಬೆಳೆದ ನನಗೆ, ಪಾಪ, ಕಾಲಿಗೇನೋ ತ್ರಾಸಿರಬೇಕು ಅನ್ನಿಸಿತ್ತು. ನಾಲ್ಕು ಸಂಜೆ ಕೂತು ಕೇಳಿದ ಮೇಲೆ ಗೊತ್ತಾಯಿತು, ಆ ಸಂಗೀತದ ಒತ್ತೇ ನಡುವೆ ಬೀಳುತ್ತದೆ. ಬೆರಳು ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನ ಎಣಿಕೆ.

ಬಾದಾಮಿಯಿಂದ ಕುಳಗೇರಿ ಕ್ರಾಸಿನ ಕಡೆ ಹೋಗುವ ರಸ್ತೆಯಲ್ಲಿ, ಬೇವಿನ ಗಿಡದ ಕೆಳಗೆ, ತಗಡಿನ ಚಾವಣಿಯ ಒಂದು ಬಾರು. ಅವರು ಅದರ ಮಾಲಕರು. ನಾನು ಆಗ ಬಾದಾಮಿಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರನಾಗಿ ಬಂದು, ಬಾರಿನ ಹಿಂದಿನ ಓಣಿಯಲ್ಲಿ ರೂಮು ಹಿಡಿದಿದ್ದೆ. ನಮ್ಮ ಮನೆತನದಲ್ಲಿ ಬಾರಿನ ಹೊಸ್ತಿಲು ತುಳಿದ ಮೊದಲಿಗ ನಾನೇ. ಕುಡಿಯಲಿಕ್ಕಲ್ಲ. ದಿನಾ ಸಂಜೆ ಕಿಟಕಿಯಿಂದ ಬರುತ್ತಿದ್ದ ಆ ಹಾಡು ಯಾವ ದೇಶದ್ದು, ಅದನ್ನು ಕೇಳುವ ಮಂದಿ ಎಂಥವರು ಅಂತ ನೋಡಲಿಕ್ಕೆ.

"ಬರ್ರಿ ಮಾಸ್ತರ್ರ, ಕೂಡ್ರಿ. ನಿಂಬಿ ಸೋಡಾ ಕೊಡ್ಲ್ಯಾ?" ಅಂದರು. ನಾನು ಕುಡಿಯುವವನಲ್ಲ ಅಂತ ನನ್ನ ಹಣೆಯ ವಿಭೂತಿ ನೋಡಿಯೇ ತಿಳಿದುಕೊಂಡಿದ್ದರು. ಅವರ ಹಣೆಯ ಮೇಲೂ ವಿಭೂತಿ ಇತ್ತು. ಅವರೂ ಕುಡಿಯುತ್ತಿರಲಿಲ್ಲ.

"ಇವು ಯಾವ ಹಾಡ್ರಿ?" ಅಂತ ಕೇಳಿದೆ.

"ರಾಗಿ ಅಂತ್ರಿ. ಗುಡ್ಡಾ ಹತ್ತಾಕ ಬಂದ ಒಬ್ಬ ಗಡ್ಡದಾಂವ ಕಾಲು ಉಳುಕಿ ಹದಿನೈದು ದಿನಾ ಇಲ್ಲೇ ಕುಂತಿದ್ದ. ಹೋಗು ಮುಂದ ಪೆನ್‌ಡ್ರೈವ್ ಕೊಟ್ಟು ಹ್ವಾದ. ಜ್ವಾಳದ ಮಂದಿಗಿ ರಾಗಿ ಹಿಡಿಸೂದು ತಡಾ ಆತು ನೋಡ್ರಿ."

ಕಡಲಾಚೆಯ ದ್ವೀಪವೊಂದರ ರೆಗೇ ಸಂಗೀತ ಅವರ ಬಾಯಲ್ಲಿ ರಾಗಿ ಆಗಿತ್ತು. ನಾನು ತಿದ್ದಲಿಲ್ಲ. ಅಲ್ಲಿ ತಿದ್ದಲು ಹೊರಟರೆ ಮುಗಿಯುವಂತಿರಲಿಲ್ಲ. ಆ ಗಡ್ಡದವನು ಗೋಡೆಯ ಮೇಲಿದ್ದ ಹಳದಿ ಕೆಂಪು ಕನ್ನಡ ಬಾವುಟದ ಮೇಲೊಂದು ಹಸಿರು ಪಟ್ಟಿ ಬಳಿದು ತನ್ನ ಹಾಡಿನವರ ಮೂರು ಬಣ್ಣದ ಬಾವುಟ ಮಾಡಿಕೊಂಡಿದ್ದ. ಯಾರೋ ತಕರಾರು ತೆಗೆದಾಗ ಮಾಲಕರು, "ಹಸರ ರೈತರದು, ಉಳದದ್ದು ಕನ್ನಡದ್ದು, ಕುಂಡ್ರಲೇ" ಅಂದು ಮುಗಿಸಿದ್ದರಂತೆ.

ಅಲ್ಲಿಯ ಮಂದಿಯೂ ಹಾಗೇ, ಬೆರಕೆ. ಟೆಂಪೋ ಡ್ರೈವರ್, ಪೆನ್ಶನ್ ಪೋಸ್ಟ್‌ಮನ್, ಮಧ್ಯೆ ಕೆಂಪು ಬಂಡೆ ಹತ್ತಲು ಬಂದ ವಿದೇಶದ ಹುಡುಗ ಹುಡುಗಿಯರು. ಬಿದ್ದರೆ ಪೆಟ್ಟಾಗದಿರಲಿ ಅಂತ ಅವರು ಬೆನ್ನಿಗೆ ದಪ್ಪ ಗಾದಿ ಕಟ್ಟಿಕೊಂಡು ಓಡಾಡುತ್ತಿದ್ದರು. ಪೋಸ್ಟ್‌ಮನ್ನರು ಮಾತ್ರ ಅವರಿಗೆ ಲಾಡ್ಜಿನಲ್ಲಿ ಹಾಸಿಗೆ ಕೊಡುವುದಿಲ್ಲ ಅಂತಲೇ ನಂಬಿ ಮರುಗುತ್ತಿದ್ದರು. ಯಾರಿಗೂ ಗಡಿಬಿಡಿ ಇರಲಿಲ್ಲ. ಒಂದು ತಟ್ಟೆ ಶೇಂಗಾದ ಮೇಲೆ ಮೂರು ದೇಶದ ಕೈಗಳು ಆಡುತ್ತಿದ್ದವು.

ಆದರೆ ಸಂಜೆ ಏಳೂವರೆಗೆ ಒಂದು ಹಾಡು ಬರುತ್ತಿತ್ತು. ಹಾಡುವವನು ದೀರ್ಘವಾಗಿ "ಜಾ" ಅನ್ನುತ್ತಿದ್ದ, ಮತ್ತೆ ಮತ್ತೆ. ಅದು ಬಂದದ್ದೇ ಊರಿನವರೆಲ್ಲ ಎದ್ದು ನಿಲ್ಲುತ್ತಿದ್ದರು, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ನನಗೆ ಸೋಜಿಗ.

"ಜಾ ಅಂದ್ರ ಗೊತ್ತಿಲ್ಲೇನ್ರಿ? ಹಿಂದಿ ಭಾಷಾದಾಗ ಹೋಗು ಅಂತ. ಮನೀಗೆ ಹೋಗ್ರಿ ಅಂತಾನ ಅಂವಾ," ಅಂದರು ಮಾಲಕರು. "ಊಟಾ ಬಿಸಿ ಇದ್ದಾಗ ಮನಷ್ಯಾ ಮನ್ಯಾಗ ಇರಬೇಕ್ರಿ. ನಾ ಹೇಳಿದ್ರ ಸಿಟ್ಟಿಗೇಳ್ತಾರ. ಹಾಡು ಹೇಳಿದ್ರ ಏಳ್ತಾರ." ವ್ಯಾಪಾರ ರಂಗೇರುವ ಹೊತ್ತಿಗೆ ಗಿರಾಕಿಗಳನ್ನು ಎಬ್ಬಿಸುವ ಇಂಥ ಬಾರು ಇನ್ನೊಂದನ್ನು ನಾನು ಕಂಡಿಲ್ಲ.

ನಾನೂ ಎದ್ದು ರೂಮಿಗೆ ಹೋಗುತ್ತಿದ್ದೆ. ಅವರು ನನ್ನನ್ನೇ ನೋಡುತ್ತಿದ್ದರು. ಒಂದು ದಿನ, "ಮಾಸ್ತರ್ರ, ಐತವಾರ ಸೈತ ಇಲ್ಲೇ ಇರ್ತೀರಿ. ನಿಮಗ ಮನೀ ಇಲ್ಲೇನು?" ಅಂದರು.

ಇತ್ತು. ನನ್ನನ್ನು ಸಾಕಿದ್ದು ಅಕ್ಕ. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತು ಸೀರೆ ನೇಯ್ದು ನನ್ನನ್ನು ಓದಿಸಿದವಳು. ಗಂಡ ತೀರಿಕೊಂಡು ಆರು ವರ್ಷದ ಮೇಲೆ ಅವಳು ಹುನಗುಂದದ ಒಬ್ಬ ಕಂಪೌಂಡರನನ್ನು ಮದುವೆಯಾದಳು. ನಾನು ಹೋಗಲಿಲ್ಲ. ಮಂದಿ ಏನಂದಾರು ಅಂತ ಹೆದರಿದೆ. ತರಗತಿಯಲ್ಲಿ, ವಿಧವೆಯ ಮದುವೆ ಒಪ್ಪಿದ ಶರಣರ ವಚನ ಪಾಠ ಮಾಡುವಾಗ ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಮಕ್ಕಳು ಭಕ್ತಿ ಅಂದುಕೊಳ್ಳುತ್ತಿದ್ದರು. ಮೂರು ವರ್ಷ ಅವಳ ಫೋನು ಎತ್ತಿರಲಿಲ್ಲ. ಇದನ್ನೆಲ್ಲ ಯಾಕೋ ಮಾಲಕರ ಮುಂದೆ ಹೇಳಿಬಿಟ್ಟೆ. ಅವರು ಇನ್ನೊಂದು ಸೋಡಾ ಒಡೆದು ಇಟ್ಟರು.

ಆ ಚಳಿಗಾಲದಲ್ಲಿ ಬಂಡೆ ಹತ್ತಲು ಬಂದಿದ್ದ ಒಬ್ಬಾಕೆ ವಾರವೆಲ್ಲ ಅಲ್ಲಿಗೆ ಬರುತ್ತಿದ್ದಳು. ಜಾ ಹಾಡು ಬಂದು ಎಲ್ಲರೂ ಎದ್ದರೆ ಅವಳೂ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಕಡೆಗೊಂದು ಸಂಜೆ ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಕೇಳಿದಳು: ನೀವೆಲ್ಲ ಇಷ್ಟು ದೂರದಲ್ಲಿದ್ದೂ ಆ ದೇವರಿಗೆ ಎದ್ದು ನಿಲ್ಲುತ್ತೀರಲ್ಲ, ಹೇಗೆ? ಯಾವ ದೇವರು ಅಂದೆ. ಜಾ, ಅಂದಳು. ಆ ಹಾಡಿನ ಜನ ದೇವರನ್ನು ಕರೆಯುವುದೇ ಹಾಗೆ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾಲಕರ ಹೆಬ್ಬೆರಳು ನಿಂತುಹೋಯಿತು.

"ದೇವರ ಹೆಸರು ಹಚ್ಚಿ ಕುಡುಕರನ್ನ ಎಬ್ಬಿಸಿದ್ನೇನ್ರಿ ಇಷ್ಟು ದಿನಾ?" ಅಂದರು. ಅವರ ದನಿ ಸಣ್ಣದಾಗಿತ್ತು.

ಮರುದಿನದಿಂದ ಆ ಹಾಡು ಬಂದ್. ಏಳೂವರೆ ಆದರೂ ಯಾರೂ ಏಳಲಿಲ್ಲ. ಮಾಲಕರಿಗೆ ಬಾಯಿಬಿಟ್ಟು ಹೇಳಲು ಬಾರದು. ನಾಲ್ಕನೆಯ ಸಂಜೆ ಟೆಂಪೋ ಡ್ರೈವರನ ಹೆಂಡತಿ ಬೇವಿನ ಗಿಡದ ಕೆಳಗೆ ಬಂದು ನಿಂತಳು. ಸೆರಗು ತಲೆಯ ಮೇಲಿತ್ತು, ದನಿ ಮಾತ್ರ ರಸ್ತೆಗೆಲ್ಲ ಕೇಳುವಷ್ಟಿತ್ತು.

"ಮಾಲಕ್ರ, ನಿಮ್ಮ ಜಾ ಏನಾತ್ರಿ? ಮೂರು ದಿನಾ ಆತು, ರೊಟ್ಟಿ ಆರಿ ಹಪ್ಪಳ ಆಗಾಕತ್ತಾವ."

ಡ್ರೈವರ್ ಮೆಲ್ಲಗೆ ಎದ್ದು ಹೋದ. ಮಾಲಕರು ನನ್ನ ಕಡೆ ತಿರುಗಿದರು. "ನೀವು ಕಲತವರು. ನೀವ ಹೇಳ್ರಿ. ಆ ಹಾಡು ಹಚ್ಚಬೇಕೋ, ಬಿಡಬೇಕೋ?"

ಪಾಠ ಹೇಳುವ ಅಭ್ಯಾಸ, ನಾಲಗೆ ಸುಮ್ಮನಿರುತ್ತದೆಯೇ? "ಹಚ್ಚ್ರಿ," ಅಂದೆ. "ದೇವರಾದ್ರೂ ಮತ್ತೇನ್ ಹೇಳ್ತಾನ್ರಿ? ಮನೀಗೆ ಹೋಗು ಅಂತನ ಹೇಳ್ತಾನ."

ಅವರು ಎದ್ದು ಹೋಗಿ ಹಾಡು ಹಚ್ಚಿದರು. ಎಲ್ಲರೂ ಎದ್ದರು. ನಾನೂ ರೂಮಿನ ಕಡೆ ತಿರುಗಿದೆ.

"ಮಾಸ್ತರ್ರ, ಆ ಕಡೆ ರೂಮು ಐತಿ," ಅಂದರು. "ಹುನಗುಂದದ ಹಾದಿ ಈ ಕಡೆ."

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಿಟ್ಟೂ ಬಂತು. ರಾತ್ರಿ ಇಡೀ ಅವರನ್ನು ಬೈದುಕೊಂಡೆ, ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ. ಅಕ್ಕ ಬಾಗಿಲು ತೆರೆದು, ಯಾಕೆ ಬಂದೆ ಅಂತಲೂ ಕೇಳಲಿಲ್ಲ, ಇಷ್ಟು ದಿನ ಯಾಕೆ ಬರಲಿಲ್ಲ ಅಂತಲೂ ಕೇಳಲಿಲ್ಲ. "ಕೈಕಾಲು ತೊಳ್ಕೋ, ರೊಟ್ಟಿ ಬಿಸಿ ಅದಾವ," ಅಂದಳು. ಭಾವ ತಮ್ಮ ತಟ್ಟೆಯನ್ನೇ ನನ್ನ ಮುಂದೆ ಸರಿಸಿದರು. 

ಮಾಲಕರು ಹೋದ ವರ್ಷ ತೀರಿಕೊಂಡರು. ಮಣ್ಣು ಮಾಡಿ ಬಂದವರು ಮನೆಗೆ ಹೋಗಲಾರದೆ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತೆವು. ಬಾರು ಮುಚ್ಚಿತ್ತು. ಪೋಸ್ಟ್‌ಮನ್ನರು ಅಳುತ್ತಿದ್ದರು. ಡ್ರೈವರ್ ತನ್ನ ಮೊಬೈಲಿನಲ್ಲಿ ಆ ಹಾಡು ಹಚ್ಚಿದ. ಜಾ ಅಂತ ಹಾಡುವವನು ಕೂಗಿದ, ಹತ್ತು ಸಲ ಕೂಗಿದ. ನಾವು ಯಾರೂ ಏಳಲಿಲ್ಲ. ನನ್ನ ಕಾಲಿನ ಹೆಬ್ಬೆರಳು ಮಾತ್ರ ಚಪ್ಪಲಿಯೊಳಗೆ ಅಲುಗುತ್ತಿತ್ತು, ಎರಡು ತಾಳಗಳ ನಡುವೆ, ಸರಿಯಾಗಿ.

ಹಾಡು ಮುಗಿಯಿತು. ಡ್ರೈವರ್ ಮತ್ತೊಮ್ಮೆ ಹಚ್ಚಿದ. ಈ ಸಲ ನಾನೇ ಮೊದಲು ಎದ್ದೆ. ಹುನಗುಂದದ ಬಸ್ಸಿಗೆ ಹೊತ್ತಾಗಿತ್ತು, ಅಕ್ಕ ರೊಟ್ಟಿಗೆ ಹಿಟ್ಟು ಕಲೆಸುವ ಮೊದಲು ಮುಟ್ಟಬೇಕಿತ್ತು.