ದಂಟಿಗೆ ಅಂಟಿದ ದಾರ

ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಬಟ್ಟೆ ಹೊಲಿಯುವವರು. ಮಾವನದು ಕ್ಷೌರದ ಅಂಗಡಿ. ಆ ಮನೆಯಲ್ಲಿ ದಾರದ ಚೂರು ಕುರ್ಚಿ, ಹಾಸಿಗೆ, ಒಮ್ಮೊಮ್ಮೆ ಊಟದ ತಟ್ಟೆಯಲ್ಲೂ ಸಿಗುತ್ತಿತ್ತು. ಮಾವ ಕಂಡಲ್ಲೆಲ್ಲ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ಉದ್ದ ಬೆಳೆದದ್ದು ಏನೇ ಕಂಡರೂ, ತಲೆಯಾಗಲಿ ಬೇಲಿಯಾಗಲಿ, ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಅತ್ತೆಗೆ ಹಿತ್ತಲಿನ ಡೇ ಲಿಲಿಗಳ ಹುಚ್ಚು. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಹೂವಿಗೆ ಇಷ್ಟು ಆರೈಕೆಯೇ ಎಂದು ರೇಗಿಸಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮಷಿನ್ ಮುಂದೆ ಕೂರುವ ಮೊದಲು ಒಂದು ಹೂವಿನ ಪರಾಗವನ್ನು ಇನ್ನೊಂದರ ನಡುವಿನ ಉದ್ದ ಎಳೆಯ ತುದಿಗೆ ಸವರಿ, ಗುರುತಿಗೆ ಆ ಹೂವಿನ ಬುಡಕ್ಕೆ ಬಣ್ಣದ ದಾರ ಕಟ್ಟುತ್ತಿದ್ದರು. ಬೀಜ ಬಲಿತು, ಗಿಡವಾಗಿ ಹೂ ಬಿಡಲು ಎರಡು ಮೂರು ವರ್ಷ. ಯಾವ ಬಣ್ಣ ಬರುತ್ತದೆಂದು ಕೇಳಿದರೆ, "ಗೊತ್ತಿದ್ರೆ ಯಾಕೆ ಮಾಡ್ಲಿ?" ಎನ್ನುತ್ತಿದ್ದರು.

ಒಂದು ಮಳೆಗಾಲ, ಅತ್ತೆಗೆ ಅವರ ತೀರಿಕೊಂಡ ಅಕ್ಕ ಕೊಟ್ಟಿದ್ದ ನೇರಳೆ ಲಿಲಿಯ ಬೇರು ಕೊಳೆಯತೊಡಗಿತು. ಅತ್ತೆ ಅದರ ಕೊನೆಯ ಹೂವಿಗೆ ಹಳದಿ ಲಿಲಿಯ ಪರಾಗ ಸವರಿ ಹಳದಿ ದಾರ ಕಟ್ಟಿದರು. ಒಂದು ಕಾಯಿ ನಿಂತಿತು. ಗಿಡ ಉಳಿಯಲಿಲ್ಲ, ದಂಟಿನಲ್ಲಷ್ಟೇ ಇನ್ನೂ ಹಸಿರಿತ್ತು. ಅಕ್ಕನದೆಂದು ಮಿಕ್ಕಿದ್ದು ಆ ಕಾಯಿ ಒಂದೇ.

ಅದು ಇನ್ನೇನು ಬಲಿಯಬೇಕು, ಅಂಗಡಿಗೆ ರಜೆಯಿದ್ದ ದಿನ ಮಾವ ಹಿತ್ತಲಿಗೆ ಇಳಿದರು. ಸತ್ತ ಗಿಡ, ಬೋಳು ದಂಟು, ಅದಕ್ಕೆ ಅಂಟಿದ ದಾರದ ಚೂರು. ದಾರ ಕಿತ್ತೆಸೆದು ದಂಟನ್ನು ಕಚಕ್ಕನೆ ಕತ್ತರಿಸಿದರು. ಹಿತ್ತಲು ಚೊಕ್ಕಟವಾಯಿತೆಂದು ಒಳಗೆ ಬಂದು ಹೇಳಿದರು ಬೇರೆ.

ಅತ್ತೆ ಕೂಗಾಡಲಿಲ್ಲ, ಮಾತೇ ಬಿಟ್ಟರು. ಅದು ಅಕ್ಕನ ಗಿಡದ ಕಾಯಿ ಎಂದು ತಿಳಿದಾಗಿನ ಮಾವನ ಮುಖ ನೋಡಿ ನನಗೇ ಸಂಕಟವಾಯಿತು. ಅವರು ಕಸದಲ್ಲಿ ತಡಕಾಡಿ ಆ ದಂಟನ್ನು ಕಾಯಿ ಸಮೇತ ತಂದು, ಅಂಗಡಿಯ ಹಳೆಯ ಮಗ್ಗಿನಲ್ಲಿ ನೀರು ಹಾಕಿ ನಿಲ್ಲಿಸಿ ಕಿಟಕಿಯಲ್ಲಿಟ್ಟರು. ದಿನಾ ನೀರು ಬದಲಿಸಿದರು, ದಂಟಿನ ಕೆಳತುದಿಯನ್ನು ಕತ್ತರಿಯಿಂದ ಒಂಚೂರು ಸವರಿದರು. ಕ್ಷೌರಕ್ಕೆ ಕೂತವರನ್ನೆಲ್ಲ ಕಾಯಿ ಬದುಕೀತೇ ಎಂದು ಕೇಳಿದರಂತೆ. ಕೊನೆಗೆ ಕಾಯಿ ಕಂದು ಬಣ್ಣಕ್ಕೆ ತಿರುಗಿ ಬಿರಿಯಿತು. ಒಳಗೆ ಮೆಣಸಿನ ಕಾಳಿನಂಥ ಕಪ್ಪು ಬೀಜಗಳು. ಅಂದು ಅತ್ತೆ, "ಊಟಕ್ಕೆ ಬನ್ನಿ" ಎಂದರು.

ಮೊಳೆತು ಉಳಿದದ್ದು ಒಂದೇ ಸಸಿ. ಅದು ಮೂರನೆಯ ವರ್ಷ ಮೊಗ್ಗು ಬಿಟ್ಟಾಗ ಅತ್ತೆಗಿಂತ ಹೆಚ್ಚು ಚಡಪಡಿಸಿದವರು ಮಾವ. ಹಲ್ಲುಜ್ಜುವ ಮೊದಲೇ ಹೋಗಿ ಬಗ್ಗಿ ನೋಡುವರು. ಅರಳಿದ್ದು ನೇರಳೆಯೂ ಅಲ್ಲ, ಹಳದಿಯೂ ಅಲ್ಲ, ಇಟ್ಟಿಗೆ ಬಣ್ಣ. ಇಷ್ಟಕ್ಕೇನಾ ಅನ್ನಿಸಿತು ನನಗೆ. ಅತ್ತೆ ಕನ್ನಡಕ ಏರಿಸಿ ನೋಡಿದರು. ಎಸಳಿನ ಅಂಚಿಗೆ, ಅಂಗಿಯ ಕಾಲರಿಗೆ ಪೈಪಿಂಗ್ ಕೊಟ್ಟ ಹಾಗೆ, ಸಣ್ಣಗೆ ನೇರಳೆ. ಅವರ ಕಣ್ಣು ತುಂಬಿತು.

ಆಮೇಲೆ ಆ ಹೂವಿಗೂ ಪಕ್ಕದ್ದರ ಪರಾಗ ಸವರಿ, ದಾರವನ್ನು ಮಾವನ ಕೈಗೆ ಕೊಟ್ಟರು. "ನೀವೇ ಕಟ್ಟಿ. ಇನ್ನೇನು ಬರುತ್ತೋ ನೋಡೋಣ."

ಮಾವ ಉಸಿರು ಬಿಗಿಹಿಡಿದು ಕಟ್ಟಿದರು, ಗಂಟಿನ ಮೇಲೆ ಗಂಟು. ಆನೆ ಎಳೆದರೂ ಬಿಚ್ಚುವಂಥದ್ದಲ್ಲ.