ಅದು ನನ್ನ ದನಿಯಲ್ಲ

ಗಾಳಿ, ಪೀಡೆ, ಕಾಣದವರ ಮಾತು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಆಗುತ್ತಿರಲಿಲ್ಲ. ಅಪ್ಪ ಅದನ್ನೆಲ್ಲ ಬಿಟ್ಟು ಬಂದವನು, ನಮ್ಮನ್ನೂ ಹಾಗೇ ಬೆಳೆಸಿದ್ದ. ಬೀದಿಯಲ್ಲಿ ಯಾರಾದರೂ ಅಂಥ ಸುದ್ದಿ ತೆಗೆದರೆ ನಾನು ಮುಖದೆದುರೇ ನಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಬೇಡುವುದಿಲ್ಲ. ಆದರೆ ಈ ಒಂದು ಸಂಗತಿಗಾಗಿ ಸುಳ್ಳುಗಾತಿ ಎನಿಸಿಕೊಂಡು ಇಷ್ಟು ವರ್ಷ ಬದುಕಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನಾನು ಹುಟ್ಟುವ ಮುಂಚೆಯೇ ಅಪ್ಪ ಕ್ರಿಸ್ತನ ದಾರಿ ಹಿಡಿದಿದ್ದ. ನಮ್ಮ ಬೀದಿಗೆಲ್ಲ ಅಂಥ ಮನೆ ನಮ್ಮದೊಂದೇ. ವರ್ಷವೆಲ್ಲ ಲಟಪಟ ಎನ್ನುವ ಮಗ್ಗ ಕ್ರಿಸ್ಮಸ್ ಬಂದಾಗ ಮಾತ್ರ ನಿಲ್ಲುತ್ತಿತ್ತು. ಮಗ್ಗದ ಗುಂಡಿಯ ಮೇಲೆ ಹಲಗೆ ಮುಚ್ಚಿ, ಗೋಡೆಗೆ ಸುಣ್ಣ ಬಳಿದು, ಅಣ್ಣ ಬಿದಿರು ಕಡ್ಡಿಗೆ ಕಾಗದ ಅಂಟಿಸಿ ನಕ್ಷತ್ರ ಕಟ್ಟುತ್ತಿದ್ದ. ಅವ್ವ ಎರಡು ದಿನ ಒಲೆ ಮುಂದೆ ಕೂತು ಕರ್ಜಿಕಾಯಿ ಕರಿಯುತ್ತಿದ್ದಳು. ನಮ್ಮ ಮನೆಯ ನೀರು ಮುಟ್ಟದ ಬೀದಿಯವರೂ ಮಕ್ಕಳನ್ನು ಕಳಿಸಿ ಕರ್ಜಿಕಾಯಿ ತರಿಸಿಕೊಳ್ಳುತ್ತಿದ್ದರು.

ಹಬ್ಬದ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಚಾಪೆಯ ಮೇಲೆ ಸುತ್ತಾಗಿ ಕೂತು ಕಣ್ಣು ಮುಚ್ಚಬೇಕು. ಅಪ್ಪ, ಅವ್ವ, ಅಣ್ಣ, ಅಕ್ಕ, ಕೊನೆಗೆ ನಾನು, ಹೀಗೆ ವಯಸ್ಸಿನ ಪ್ರಕಾರ ಒಬ್ಬೊಬ್ಬರೂ ಬರುವ ವರ್ಷಕ್ಕೆ ತಮ್ಮ ಆಸೆಯೊಂದನ್ನು ಹೇಳಬೇಕು. ಒಬ್ಬೊಬ್ಬರು ಹೇಳಿದ ಮೇಲೂ ಅಪ್ಪ "ಹಾಗೇ ಆಗಲಿ" ಅನ್ನುತ್ತಿದ್ದ. ಅಲ್ಲಿ ಆಡಿದ್ದು ದೇವರಿಗೆ ಆಡಿದ ಮಾತು, ಹಿಂದಕ್ಕೆ ತಗೊಳ್ಳೋ ಹಂಗಿಲ್ಲ ಎಂದು ಅವನೇ ಕಟ್ಟಳೆ ಮಾಡಿದ್ದ.

ಅಕ್ಕ ಶಾಂತಮ್ಮ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳದು ಒಡಕು ದನಿ. "ಅಪ್ಪಾ" ಎಂದು ಎಳೆದು ಕರೆದರೆ ಆಚೆ ಬೀದಿಯವರಿಗೂ ಗುರುತು ಸಿಗುತ್ತಿತ್ತು. ತಳಕಿನ ತಿಪ್ಪೇಸ್ವಾಮಿ ಎಂಬ ರೈತನನ್ನು ಅವಳು ಮೆಚ್ಚಿದಳು. ಅವನು ನಮ್ಮ ಮತದವನಲ್ಲ. ತನ್ನ ಮದುವೆಗೆಂದು ಅವಳೇ ಮಗ್ಗದ ಮೇಲೆ ಒಂದು ಸೀರೆ ಹೂಡಿ ಅರ್ಧ ನೇಯ್ದಿದ್ದಳು. ವಿಷಯ ಬಾಯಿಬಿಟ್ಟ ದಿನ ಅಪ್ಪ ಕತ್ತರಿ ತಗೊಂಡು ಆ ಸೀರೆಯನ್ನು ಮಗ್ಗದ ಮೇಲೇ ಅಡ್ಡಕ್ಕೆ ಕತ್ತರಿಸಿಹಾಕಿದ. ಅಕ್ಕ ಒಂದು ಹನಿ ಕಣ್ಣೀರು ಹಾಕಲಿಲ್ಲ. ಉಟ್ಟ ಬಟ್ಟೆಯಲ್ಲೇ ನಡುಮಧ್ಯಾಹ್ನ ಹೊರಟುಹೋದಳು. ಅವಳ ಹೆಸರು ಈ ಮನೆಯಲ್ಲಿ ಎತ್ತಕೂಡದು ಎಂದು ಅಪ್ಪ ಹೇಳಿದ. ತನ್ನ ಮನಸ್ಸಿಗೆ ಕಂಡ ದಾರಿ ಹಿಡಿದು ಹೆತ್ತವರ ಮನೆ ಬಿಟ್ಟು ಬಂದವನು ಅವನೇ. ಅದೇ ಕೆಲಸ ಮಗಳು ಮಾಡಿದರೆ ಅವಳು ಸತ್ತಂತೆ! ಅವ್ವ, ಅಣ್ಣ ಇಬ್ಬರೂ ತಲೆ ತಗ್ಗಿಸಿಕೊಂಡು ಒಪ್ಪಿದರು. ಆ ತಗ್ಗಿಸಿದ ತಲೆಗಳನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಆ ವರ್ಷದ ಕ್ರಿಸ್ಮಸ್ಸಿಗೂ ಸುಣ್ಣ ಬಳಿದರು, ನಕ್ಷತ್ರ ಕಟ್ಟಿದರು. ಏನೂ ಆಗಿಲ್ಲವೆಂಬಂತೆ ಚಾಪೆ ಹಾಸಿದರು. ಅಣ್ಣನಿಗೂ ನನಗೂ ನಡುವೆ ಅಕ್ಕನ ಜಾಗ ಖಾಲಿ ಇತ್ತು. ಅಪ್ಪ "ಹತ್ತಿರ ಸರ್ಕೊಂಡು ಕೂತ್ಕಳಿ" ಅಂದ. ನಾನು ಸರಿಯಲಿಲ್ಲ. ಈ ಸಲ ಬಾಯಿ ಬಿಡುವುದೇ ಇಲ್ಲ ಎಂದು ಹಲ್ಲು ಕಚ್ಚಿಕೊಂಡು ಕೂತೆ.

ಅಪ್ಪ ಏನೋ ಕೇಳಿಕೊಂಡ. ಅವ್ವ ಮಳೆ ಬೆಳೆ ಕೇಳಿಕೊಂಡಳು. ಅಣ್ಣ ಇನ್ನೊಂದು ಮಗ್ಗ ಬೇಕೆಂದ. "ಹಾಗೇ ಆಗಲಿ" ಎಂದು ಅಪ್ಪ ಅಂದಿದ್ದಾಯಿತು. ಇನ್ನು ಉಳಿದದ್ದು ನನ್ನ ಸರದಿ. ನನ್ನ ಹಲ್ಲು ಕಚ್ಚಿಯೇ ಇದ್ದವು. ಆಗ ನನ್ನ ಎಡಗಡೆ, ಒಂದು ಮೊಳವೂ ದೂರವಿಲ್ಲ, ಆ ಒಡಕು ದನಿ ಕೇಳಿಸಿತು.

"ಅಪ್ಪಾ, ಬರೋ ಹಬ್ಬಕ್ಕೆ ನಾನು ಈ ಮನ್ಯಾಗಿರ್ಬೇಕು."

"ಹಾಗೇ ಆಗಲಿ" ಅಂದುಬಿಟ್ಟ ಅಪ್ಪ. ಅಂದ ಮೇಲೆ ಕಣ್ಣು ಬಿಟ್ಟ. ಎಲ್ಲರೂ ಕಣ್ಣು ಬಿಟ್ಟೆವು. ಚಾಪೆಯ ಮೇಲೆ ಅಕ್ಕನ ಜಾಗ ಖಾಲಿಯೇ ಇತ್ತು. ಬಾಗಿಲು ಒಳಗಿನಿಂದ ಹಾಕಿತ್ತು. ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು.

ಅಪ್ಪ ನೇರ ನನ್ನನ್ನೇ ನೋಡಿದ. "ಲೇ, ದೇವರ ಮುಂದೆ ನಾಟಕ ಆಡ್ತೀಯಾ? ಅವಳ ದನಿ ಮಾಡಿ ನನ್ನ ಬಾಯಾಗೆ ಮಾತು ಹೊರಡಿಸ್ತೀಯಾ?"

"ನಾನು ಬಾಯೇ ಬಿಟ್ಟಿಲ್ಲಪ್ಪ."

"ಮತ್ತಿನ್ಯಾರು? ಗೋಡೆ ಮಾತಾಡ್ತಾ?"

"ಯಾರಾದ್ರೂ ಆಗ್ಲಿ. ಹಾಗೇ ಆಗಲಿ ಅಂದೋನು ನೀನು. ಹಿಂದಕ್ಕೆ ತಗೊಳ್ಳೋ ಹಂಗಿಲ್ಲ ಅಂದೋನೂ ನೀನೇ. ನಾಳೆನೇ ಹೋಗಿ ಕರ್ಕೊಂಡು ಬಾ."

ಅಪ್ಪ ಕೆನ್ನೆಗೆ ಹೊಡೆದ. ಮೋಸದಿಂದ ಆಡಿಸಿದ ಮಾತಿಗೆ ಬೆಲೆಯಿಲ್ಲ ಎಂದ. ಅಣ್ಣನ ಕಡೆ ತಿರುಗಿ, "ನಿನ್ನ ಪಕ್ಕದಾಗೇ ಕೇಳಿಸ್ತಲ್ಲ, ಹೇಳಣ್ಣ" ಅಂದೆ. ಅವನು ನೆಲ ನೋಡುತ್ತಾ, "ನೀನೇ ಇರ್ಬೇಕು ಬಿಡು" ಅಂದ. ಹೊಡೆತಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು.

ಅಕ್ಕನಿಗೆ ಏನೋ ಆಗಿರಬೇಕು ಎಂಬ ಭಯವೂ ಹತ್ತಿತು. ಹಬ್ಬ ಮುಗಿದ ಮಾರನೇ ದಿನ ಅಣ್ಣ ಸೀರೆ ಕೊಡಲು ಚಳ್ಳಕೆರೆಗೆ ಗಾಡಿ ಕಟ್ಟಿದ. ತಳಕು ಅದೇ ದಾರಿಯಲ್ಲಿತ್ತು. ನಾನು ಯಾರನ್ನೂ ಕೇಳದೆ ಹತ್ತಿ ಕೂತೆ. ಅಣ್ಣನಿಗೆ ನನ್ನನ್ನು ಇಳಿಸುವ ಧೈರ್ಯವಿರಲಿಲ್ಲ. ತಳಕು ಮುಟ್ಟಿದಾಗ ಇಳಿಹೊತ್ತು. ಅಣ್ಣ ಎತ್ತುಗಳಿಗೆ ನೀರು ತೋರಿಸುವ ನೆಪ ಮಾಡಿ ಬಾವಿ ಹತ್ತಿರವೇ ಉಳಿದ. ನಾನೊಬ್ಬಳೇ ತಿಪ್ಪೇಸ್ವಾಮಿಯ ಮನೆ ಕೇಳಿಕೊಂಡು ಹೋದೆ.

ಅಕ್ಕ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಗಟ್ಟಿಮುಟ್ಟಾಗಿದ್ದಳು, ಮೊದಲಿಗಿಂತ ಮೈಕೈ ತುಂಬಿಕೊಂಡಿದ್ದಳು. ನನ್ನನ್ನು ಅಪ್ಪಿಕೊಂಡು, ಒಳಗೆ ಕರೆದು ಮಜ್ಜಿಗೆ ಕೊಟ್ಟಳು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಹಬ್ಬದ ಹಿಂದಿನ ಸಂಜೆ ನಮ್ಮನ್ನು ನೆನೆದೆಯಾ, ಅಂಥ ಮಾತು ಆಡಿದೆಯಾ ಎಂದು ಕೇಳಿದೆ.

ಅವಳ ಮುಖ ಕಲ್ಲಾಯಿತು. "ನಾನು? ಆ ಮನೆಗೆ ಬರ್ಬೇಕು ಅಂತ ನಾನು ಬೇಡ್ಕೊಳ್ಳಾದಾ? ಮಗ್ಗದ ಮ್ಯಾಲೆ ನನ್ನ ಸೀರೆ ಕೊಯ್ದ ಮನುಷ್ಯ ಕಾಲಿಗೆ ಬಿದ್ದು ಕರುದ್ರೂ ಬರಲ್ಲ. ಆವತ್ತು ಸಂಜೆ ನೆಂಟರಿಗೆ ಮುದ್ದೆ ಕಟ್ತಿದ್ದೆ. ನಿಮ್ಮ ಹಬ್ಬ ಐತೆ ಅನ್ನೋ ನೆನಪೂ ಇರ್ಲಿಲ್ಲ."

"ಹಂಗಾದ್ರೆ ಯಾರಕ್ಕ ಅದು?"

"ನೀನೇ ಅಂದಿರ್ತೀಯ. ನಾವೆಲ್ಲ ಒಂದಾಗ್ಲಿ ಅಂತ ಮಾಡಿರ್ತೀಯ. ಆದ್ರೆ ನನ್ನ ದನ್ಯಾಗೆ ಆ ಮನುಷ್ಯನ್ನ ಬೇಡಬಾರದಿತ್ತು ನೀನು."

ನಾನು ಮಜ್ಜಿಗೆ ಲೋಟ ನೆಲಕ್ಕೆ ಕುಕ್ಕಿ ಎದ್ದು ಬಂದೆ. ಯಾರ ಪರವಾಗಿ ಏಟು ತಿಂದಿದ್ದೆನೋ ಅವಳೂ ನನ್ನನ್ನು ನಂಬಲಿಲ್ಲ. ಹಿಂದಿನಿಂದ ಅವಳು ಕೂಗುತ್ತಲೇ ಇದ್ದಳು. ತಿರುಗಿ ನೋಡಲಿಲ್ಲ.

ಮುಂದಿನ ಹಬ್ಬಕ್ಕೆ ಅಕ್ಕ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಪ್ಪ ತೀರಿಕೊಂಡಾಗ ಹೇಳಿಕಳಿಸಿದರೂ ಬರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಾಗ ನನ್ನನ್ನು ಕರೆದು, "ಈಗ್ಲಾದ್ರೂ ಒಪ್ಕೊ, ಆವತ್ತು ಅಂದೋಳು ನೀನೇ ತಾನೆ?" ಎಂದು ಕೇಳಿದ್ದ. ಹೌದು ಎಂದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತೇನೋ. ಅಲ್ಲ ಎಂದೆ. ಅವನು ಗೋಡೆ ಕಡೆ ತಿರುಗಿ ಮಲಗಿದ.

ಆ ದನಿ ಯಾರದೆಂದು ನಾನು ಎಷ್ಟೋ ಬಗೆಯಲ್ಲಿ ಯೋಚಿಸಿದ್ದೇನೆ. ಅವ್ವನ ಮೇಲೂ ಸಂಶಯಪಟ್ಟಿದ್ದೇನೆ. ಆದರೆ ಅವಳು ನನ್ನೆದುರಿಗೆ ಕೂತಿದ್ದಳು, ದನಿ ಬಂದದ್ದು ನನ್ನ ಎಡಗಡೆಯಿಂದ. ನನಗೇ ಗೊತ್ತಿಲ್ಲದೆ ನಾನು ಅಂದಿರಬಹುದೇ ಎಂದೂ ನನ್ನನ್ನು ಕೇಳಿಕೊಂಡಿದ್ದೇನೆ. ಕಚ್ಚಿದ ಹಲ್ಲಿನ ನೋವು ಆಮೇಲೆ ಎರಡು ದಿನ ಇತ್ತು.

ಅಪ್ಪ ಹೋದ ಮೇಲೆ ಒಂದು ದಿನ, ಹಿತ್ತಲಲ್ಲಿ ಕೂತಿದ್ದಾಗ ಅವ್ವ ತಾನಾಗಿಯೇ ಈ ಮಾತು ತೆಗೆದಳು. "ನೀನು ಅಂದ್ರೂ ಸರಿ, ಅನ್ನದಿದ್ರೂ ಸರಿ. ಅವಳ ದನಿ ಒಂದ್ಸಲ ಕಿವಿಗೆ ಬಿತ್ತಲ್ಲ, ನನಗಷ್ಟು ಸಾಕಾತು" ಎಂದಳು.

"ಸಾಕಾಗಿದ್ರೆ ಆವತ್ತೇ ಹೋಗಿ ಕರ್ಕೊಂಡು ಬರ್ಬೇಕಾಗಿತ್ತು ನೀನು" ಅಂದೆ. ಅವ್ವ ಎದ್ದು ಒಳಗೆ ಹೋದಳು.